ನಾಯಿಗೊಂದು ಕೌದಿ

ನಾಯಿ ಸಾಕಿದವರ ಮನೆಗೆ ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಹೋಗುವಾಗ ಅದಕ್ಕೂ ಏನಾದರೂ ಒಯ್ಯುವ ರೂಢಿ ಈಗ ಬೆಳೆಯುತ್ತಿದೆ. ಒಳ್ಳೆಯ ರೂಢಿ. ತಮ್ಮ ನಾಯಿಯನ್ನು ವಿಚಾರಿಸಿಕೊಂಡವರನ್ನು ಆ ಮನೆಯವರು ಮರೆಯುವುದಿಲ್ಲ. ಆದರೆ ಅಂಗಡಿಯಲ್ಲಿ ಸಿಗುವ ಬಣ್ಣದ ಅಂಗಿ, ಟೋಪಿಗಳೆಲ್ಲ ಹೆಚ್ಚಾಗಿ ನೋಡುವವರ ಕಣ್ಣಿಗೆ. ನಾಯಿಗೆ ಹಿತವಾಗುವಂಥದ್ದು ನಮ್ಮ ಟ್ರಂಕಿನಲ್ಲೂ ಹಿಟ್ಟಿನ ಡಬ್ಬಿಯಲ್ಲೂ ಇದೆ.

ಉತ್ತರ ಕರ್ನಾಟಕದ ಕೌದಿಯನ್ನೇ ನೋಡಿ. ಸವೆದ ಹತ್ತಿ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನಿಟ್ಟು, ದಪ್ಪ ದಾರದಲ್ಲಿ ಸಾಲಾಗಿ ಹೊಲಿಯುತ್ತ ಹೋಗುವುದು. ನಾಯಿ ಕೈಕಾಲು ಚಾಚಿ ಮಲಗುವಷ್ಟು ಅಳತೆಯದೊಂದನ್ನು ಹೊಲಿದುಕೊಟ್ಟರೆ, ಟೈಲ್ಸ್ ನೆಲದ ಥಂಡಿಗೆ ಮೊಣಕಾಲು ಹಿಡಿದುಕೊಂಡ ಮುದಿ ನಾಯಿಗೆ ಅದಕ್ಕಿಂತ ಸುಖವಿಲ್ಲ. ಹೊಲಿಗೆ ಮಾತ್ರ ಒತ್ತಾಗಿರಬೇಕು. ಸಡಿಲ ಬಿಟ್ಟರೆ ಉಗುರು ಸಿಕ್ಕಿಕೊಳ್ಳುತ್ತದೆ. ಗುಂಡಿ, ಹುಕ್ಕು, ಜರಿ ಅಂಚುಗಳನ್ನು ಮೊದಲೇ ಕತ್ತರಿಸಿ ತೆಗೆಯಬೇಕು.

ಮೇಲಿನ ಪದರಕ್ಕೆ ಆ ಮನೆಯವರದೇ ಉಟ್ಟುಬಿಟ್ಟ ಸೀರೆಯನ್ನೋ ತೊಟ್ಟುಬಿಟ್ಟ ಬನಿಯನ್ನನ್ನೋ ಕೇಳಿ ಪಡೆಯಿರಿ, ಒಗೆಯದೆ ಹೊಲಿಯಿರಿ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿ ಗ್ರೆಗರಿ ಬರ್ನ್ಸ್ ಮತ್ತು ಸಂಗಡಿಗರು ನಾಯಿಗಳಿಗೆ ಎಚ್ಚರವಿದ್ದೇ ಎಂಆರ್‌ಐ ಯಂತ್ರದೊಳಗೆ ಅಲುಗದೆ ಮಲಗುವುದನ್ನು ಕಲಿಸಿ, ಬಗೆಬಗೆಯ ವಾಸನೆ ಹಿಡಿದು ನೋಡಿದರು. 2015ರಲ್ಲಿ ಅಚ್ಚಾದ ಆ ಅಧ್ಯಯನದಲ್ಲಿ, ಸುಖದ ನಿರೀಕ್ಷೆಗೆ ಸಂಬಂಧಿಸಿದ ಮಿದುಳಿನ ಭಾಗ ಎಲ್ಲಕ್ಕಿಂತ ಹೆಚ್ಚು ಚುರುಕಾದದ್ದು ಪರಿಚಿತ ಮನುಷ್ಯರ ವಾಸನೆಗೆ. ಬೇರೆ ನಾಯಿಯ ವಾಸನೆಗಲ್ಲ, ತನ್ನದಕ್ಕೂ ಅಲ್ಲ. ಆ ಮನುಷ್ಯರು ಆಗ ಎದುರಿಗೂ ಇರಲಿಲ್ಲ! ಯಜಮಾನಿ ಕೆಲಸಕ್ಕೆ ಹೋದ ಹೊತ್ತಿನಲ್ಲಿ ಮನೆ ಕಾಯುವ ಜೀವಕ್ಕೆ ಆಕೆಯ ಸೀರೆಯ ವಾಸನೆ ಎಂಥ ಆಸರೆಯಾದೀತು ಎಂದು ನನಗೆ ಮತ್ತೆ ಮತ್ತೆ ಅನಿಸುತ್ತದೆ.

ಹಳೆ ಟೀ ಶರ್ಟುಗಳನ್ನು ಉದ್ದಕ್ಕೆ ಸೀಳಿ, ಮೂರೆಳೆಯ ಜಡೆ ಹೆಣೆದು, ಎರಡೂ ತುದಿಗೆ ಬಿಗಿಯಾಗಿ ಗಂಟು ಹಾಕಿದರೆ ಎಳೆದಾಡಲು ಒಳ್ಳೆಯ ಆಟಿಕೆ. ಎಳೆ ಬಿಚ್ಚತೊಡಗಿದ ದಿನವೇ ಎಸೆದುಬಿಡಿ ಎಂದು ಹೇಳಿ ಕೊಡಿ. ನುಂಗಿದ ದಾರ ಕರುಳಿನಲ್ಲಿ ಸಿಕ್ಕಿಕೊಂಡರೆ ಶಸ್ತ್ರಚಿಕಿತ್ಸೆಯವರೆಗೂ ಹೋಗುತ್ತದೆ.

ತಿನಿಸಿನ ವಿಷಯದಲ್ಲಿ ಪ್ರೀತಿಯೊಂದೇ ಸಾಲದು. ಚಾಕೊಲೇಟು, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ ನಾಯಿಗೆ ವಿಷ. ಸಕ್ಕರೆರಹಿತ ತಿಂಡಿಗಳಿಗೆ ಹಾಕುವ ಕ್ಸೈಲಿಟಾಲ್ ಅದರ ರಕ್ತದ ಸಕ್ಕರೆಯನ್ನು ಗಳಿಗೆಯಲ್ಲಿ ಕುಸಿಸುತ್ತದೆ. ನಮ್ಮ ಅಡುಗೆಮನೆಯವರು ಗಮನಿಸಬೇಕಾದ್ದು ಇನ್ನೊಂದಿದೆ. ಹುಣಸೆಹಣ್ಣು ತಿಂದ ನಾಯಿಗಳ ಮೂತ್ರಪಿಂಡ ಕೆಟ್ಟದ್ದನ್ನು ಅಮೆರಿಕದ ಪಶುವೈದ್ಯರು 2022ರಲ್ಲಿ ವರದಿ ಮಾಡಿದರು. ದ್ರಾಕ್ಷಿಯಲ್ಲೂ ಹುಣಸೆಯಲ್ಲೂ ಇರುವ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಅವರ ಊಹೆ. ಹಬ್ಬದ ಒಗ್ಗರಣೆಯ ಪುಳಿಯೋಗರೆಯನ್ನು ಅಕ್ಕರೆಯಿಂದ ನಾಯಿಯ ತಟ್ಟೆಗೆ ಬಡಿಸುವವರು ನಮ್ಮಲ್ಲಿ ಕಡಿಮೆಯಿಲ್ಲ.

ಬದಲಿಗೆ ರಾಗಿ ಹಿಟ್ಟು, ಅದರರ್ಧ ಗೋಧಿ ಹಿಟ್ಟು, ಬೇಯಿಸಿ ಹಿಸುಕಿದ ಸಿಹಿಗುಂಬಳ, ಒಂದು ಚಮಚ ಎಣ್ಣೆ. ಉಪ್ಪು, ಬೆಲ್ಲ, ಒಗ್ಗರಣೆ ಯಾವುದೂ ಬೇಡ. ಗಟ್ಟಿಯಾಗಿ ಕಲಸಿ, ಬೆರಳುದ್ದಕ್ಕೆ ಕತ್ತರಿಸಿ, ದಪ್ಪ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ತಿರುವಿ ಹಾಕುತ್ತ ಗರಿಗರಿಯಾಗುವವರೆಗೆ ಬಿಟ್ಟರೆ ಬಿಸ್ಕತ್ತು ಸಿದ್ಧ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿ. ಏನೇನು ಹಾಕಿದ್ದೀರಿ, ಯಾವತ್ತು ಮಾಡಿದ್ದೀರಿ ಎಂದು ಚೀಟಿ ಬರೆದು ಮುಚ್ಚಳಕ್ಕೆ ಅಂಟಿಸಿ. ಗೋಧಿ ಒಗ್ಗದ ನಾಯಿಗಳೂ ಇವೆ, ಅಂಥ ಮನೆಗೆ ಬರೀ ರಾಗಿಯಲ್ಲೇ ಮಾಡಿಕೊಡಬಹುದು.