ಕಾಣದ ಜೀವಿಯ ಒಡೆತನ

ಒಂದು ಜೀವಿಯನ್ನು ಸಾಕುವವನಿಗೆ ಅದನ್ನು ಬೇಕೆಂದಾಗ ಕಾಣುವ ಹಕ್ಕೂ ಇದೆಯೇ? ಹಸು, ನಾಯಿ, ಗಿಳಿಗಳ ವಿಷಯದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಅವು ಕರೆದರೆ ಓಗೊಡುತ್ತವೆ. ಆದರೆ ಅಮೆರಿಕ, ಯುರೋಪುಗಳಲ್ಲಿ ಅನೇಕರು ಟರಾಂಟುಲಾ ಎಂಬ, ಮೈತುಂಬ ರೋಮವುಳ್ಳ ದೊಡ್ಡ ಜೇಡವನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕುತ್ತಾರೆ. ಅವುಗಳಲ್ಲಿ ಬಿಲ ತೋಡುವ ಜಾತಿಗಳು ಈ ಪ್ರಶ್ನೆಗೆ ಉತ್ತರ ಬೇಡುತ್ತವೆ.

ಹಣ ಕೊಟ್ಟು ತಂದ ಜೇಡ ಮಣ್ಣು ತೋಡಿ ಒಳಸೇರುತ್ತದೆ. ಬಿಲದ ಗೋಡೆಗೆ ನೂಲಿನ ಹೊದಿಕೆ ನೇಯುತ್ತದೆ. ಹಗಲೆಲ್ಲ ಒಳಗೇ ವಾಸ. ಇರುಳಲ್ಲಿ ಬಿಲದ ಬಾಯಲ್ಲಿ ಕಾದಿದ್ದು, ಹುಳುವಿನ ನಡಿಗೆಯ ಕಂಪನದಿಂದಲೇ ಬೇಟೆಯನ್ನು ಅರಿಯುತ್ತದೆ. ಪೊರೆ ಕಳಚುವ ಕಾಲದಲ್ಲಿ ಬಿಲದ ಬಾಯಿ ಮುಚ್ಚಿಕೊಂಡು ತಿಂಗಳುಗಟ್ಟಲೆ ಕಾಣದಿರುವುದೂ ಉಂಟು. ಕೆಲವು ಜಾತಿಗಳಲ್ಲಿ ಹೆಣ್ಣು 20 ವರ್ಷ ಬದುಕಬಲ್ಲದು. ಅಷ್ಟು ಕಾಲ ಒಡೆಯನ ಕಣ್ಣಿಗೆ ಬಹುಪಾಲು ಕಾಣುವುದು ಮಣ್ಣು ಮಾತ್ರ.

ಆಗ ಎರಡು ಪ್ರಲೋಭನೆಗಳು ಹುಟ್ಟುತ್ತವೆ. ಬದುಕಿದೆಯೋ ಇಲ್ಲವೋ ಎಂದು ಅಗೆದು ನೋಡುವುದು ಮೊದಲನೆಯದು. ಪೊರೆ ಬಿಟ್ಟ ಜೇಡದ ಮೈ, ವಿಷದ ಹಲ್ಲುಗಳು ಕೆಲವು ದಿನ ಮೆತ್ತಗಿರುತ್ತವೆ; ಆಗ ಕೆದಕಿದರೆ ಪ್ರಾಣಕ್ಕೇ ಅಪಾಯ. ಆಳವಾಗಿ ಮಣ್ಣು ತುಂಬದೆ, ಜೇಡ ಸದಾ ಕಣ್ಣೆದುರಿಗೇ ಇರುವಂತೆ ಮಾಡುವುದು ಎರಡನೆಯದು. ಅಡಗುವುದೇ ಯಾವುದರ ಬದುಕೋ ಅದಕ್ಕೆ ಅಡಗುತಾಣ ಕೊಡದಿರುವುದು ಸಾಕಣೆಯಲ್ಲ, ಸೆರೆವಾಸ. ಪ್ರೀತಿಯ ಹೆಸರಿನಲ್ಲಿ ನಡೆಯುವ ಈ ಎರಡೂ ಕೃತ್ಯಗಳ ಬೇರು ನೋಡುವ ಹಂಬಲದಲ್ಲಿದೆ.

ಸಾಕುವವರ ಪರವಾಗಿಯೂ ಹೇಳಬೇಕಾದ ಮಾತಿದೆ. ಪೆಟ್ಟಿಗೆಯಲ್ಲೇ ಹುಟ್ಟಿ ಬೆಳೆದ ಜೇಡವನ್ನು ಎಲ್ಲೋ ಕಾಡಿಗೆ ಬಿಡುವುದು ಧರ್ಮವಲ್ಲ. ಅದಕ್ಕೆ ಆಳವಾದ ಮಣ್ಣು, ನೀರು, ಆಹಾರ ಒದಗಿಸಿ, ಕಾಣದಿದ್ದರೂ ಕಾಯುವವನು ನಿಜವಾದ ಪಾಲಕ. ಆದರೆ ಕಾಡಿನಿಂದ ಕಿತ್ತು ತರುವುದನ್ನು ಈ ವಾದ ಸಮರ್ಥಿಸಲಾರದು. ನಮ್ಮ ನೆರೆಯ ಗುತ್ತಿಯ ಹೆಸರು ಹೊತ್ತ ನೀಲಿ ಟರಾಂಟುಲಾವನ್ನೇ ನೋಡಿ. ಇದು ಬಿಲದ್ದಲ್ಲ, ಮರದ ಪೊಟರೆಯ ವಾಸಿ. 1899ರಲ್ಲಿ ಪೋಕಾಕ್ ಎಂಬ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದರು. ಕಾಡಿನ ನಾಶದೊಡನೆ, ಇದರ ಬಣ್ಣಕ್ಕೆ ಮರುಳಾದವರ ವ್ಯಾಪಾರವೂ ಸೇರಿ, ಇಂದು ಇದು ಅಳಿವಿನ ಅಂಚಿನಲ್ಲಿದೆ.

ಇದಕ್ಕೆ ಪ್ರತಿಯಾಗಿ ಇನ್ನೊಂದು ನಿದರ್ಶನವಿದೆ. ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಬಾರ್ಬರಾ ಯಾರ್ಕ್ ಮೇನ್ ಎಂಬ ವಿಜ್ಞಾನಿ, ಟರಾಂಟುಲಾದ ದೂರದ ಬಂಧುವಾದ, ಬಿಲಕ್ಕೆ ಮುಚ್ಚಳ ಕಟ್ಟುವ ಜೇಡಗಳ ಅಧ್ಯಯನವನ್ನು 1974ರಲ್ಲಿ ಆರಂಭಿಸಿದರು. 16ನೇ ಸಂಖ್ಯೆಯ ಹೆಣ್ಣು ಜೇಡ 2016ರಲ್ಲಿ ತೀರಿಕೊಂಡಾಗ ಅದರ ವಯಸ್ಸು 43. ಅಷ್ಟು ವರ್ಷವೂ ಅದು ತಾನು ತೋಡಿದ ಬಿಲದಲ್ಲೇ ಬಾಳಿತು. ನೋಡುವವರೇ ಅದಿದ್ದಲ್ಲಿಗೆ ಹೋಗಿ ಬರುತ್ತಿದ್ದರು. ಇಲ್ಲಿ ಒಡೆತನವಿರಲಿಲ್ಲ, ಅರಿವಿಗೆ ಕೊರತೆಯೂ ಆಗಲಿಲ್ಲ.

ಕಾಣದೆಯೂ ಕಾಯಬಲ್ಲ ಮನಸ್ಸು ಬಂದವನಿಗೆ ಜೀವಿಯನ್ನು ಹಿಡಿದು ತರುವ ಅಗತ್ಯವೇ ಉಳಿಯುವುದಿಲ್ಲ. ಹೊಲದ ಬದುವಿನಲ್ಲಿ ನೂಲು ಹೊದ್ದ ಬಿಲ ಕಂಡರೆ ಮಕ್ಕಳು ಕಡ್ಡಿ ಹಾಕಿ ಕೆದಕುವುದು ಸಹಜ. ಆ ಕುತೂಹಲವನ್ನು ಗದರಿಸಿ ಅಡಗಿಸಬೇಕಿಲ್ಲ. ಕಡ್ಡಿಯನ್ನು ಕೆಳಗಿರಿಸಿ, ಸಂಜೆಯವರೆಗೆ ದೂರ ಕುಳಿತು ಕಾಯುವುದನ್ನು ಕಲಿಸಿದರೆ ಸಾಕು. ಅದು ಹಿರಿಯರಾದ ನಮ್ಮ ಹೊಣೆ.