ನಿಶ್ಶಬ್ದವೂ ಸಮಾಧಾನವೂ

ಸ್ಕಾಟ್ಲೆಂಡು ದೇಶದ ಉತ್ತರ ತೀರವು ಬಹುಮಟ್ಟಿಗೆ ಬಂಡೆಗಳಿಂದ ಕೂಡಿದ್ದು. ಅಲ್ಲಿ ಫಾರ್ ಎಂಬ ಗ್ರಾಮದ ಬಳಿ, ಎರಡು ಕಲ್ಲುಗುಡ್ಡಗಳ ನಡುವೆ, ಮರಳುಳ್ಳ ಒಂದು ಚಿಕ್ಕ ಕೊಲ್ಲಿಯುಂಟು. ಅಲೆಗಳ ಸದ್ದನ್ನೂ ಹಕ್ಕಿಗಳ ಕೂಗನ್ನೂ ಬಿಟ್ಟರೆ ಅಲ್ಲಿ ಬೇರೆ ಸ್ವರವು ಕೇಳಿಬರುವದು ಅಪರೂಪ. ಪಟ್ಟಣದ ಗದ್ದಲದಿಂದ ಬೇಸತ್ತವರು ಅಲ್ಲಿಗೆ ಬಂದು, ಆಹಾ, ಇಲ್ಲಿ ಎಷ್ಟು ಸಮಾಧಾನ! ಅನ್ನುವರು. ಅವರನ್ನು ನಾವು ಹಳಿಯಬಾರದು. ಆದಾಗ್ಯೂ, ವಾಚಕರೇ, ನಮ್ಮ ಭಾಷೆಯಲ್ಲಿ ನಿಶ್ಶಬ್ದವೆಂಬದು ಒಂದು ಮಾತು, ಸಮಾಧಾನವೆಂಬದು ಬೇರೊಂದು ಮಾತು. ಮಕ್ಕಳು ಸುಖವಾಗಿ ನಿದ್ರಿಸುವ ಮನೆಯೂ ನಿಶ್ಶಬ್ದವೇ. ಒಕ್ಕಲೆಬ್ಬಿಸಲ್ಪಟ್ಟವರ ಮನೆಯೂ ನಿಶ್ಶಬ್ದವೇ.

ಈ ಕೊಲ್ಲಿಯ ಸಮೀಪದಲ್ಲಿಯೇ ನೇವರ್ ಎಂಬ ನದಿಯು ಸಮುದ್ರವನ್ನು ಸೇರುವದು. ಅದರ ಕಣಿವೆಯಲ್ಲಿ ಗೇಲಿಕ್ ಮಾತಾಡುವ ಒಕ್ಕಲಿಗರು ತಲೆತಲಾಂತರದಿಂದ ದನಗಳನ್ನು ಸಾಕಿ ಪೈರು ಬೆಳೆದುಕೊಂಡಿದ್ದರು. ಭೂಮಿಯು ಸದರ್ಲೆಂಡಿನ ಒಡತಿಯದಾಗಿತ್ತು. ಕುರಿಗಳಿಂದ ಹೆಚ್ಚು ಗೇಣಿ ಬರುವದೆಂದು ಕಂಡ ಮೇಲೆ, ೧೮೧೪ರಲ್ಲಿಯೂ ೧೮೧೯ರಲ್ಲಿಯೂ ಜನರನ್ನು ಎಬ್ಬಿಸಿ, ಅನೇಕರನ್ನು ಈ ಕಲ್ಲುತೀರಕ್ಕೆ ಕಳುಹಿಸಿದರು. ದನ ಕಾಯುವವರಿಗೆ ಇಷ್ಟಿಷ್ಟು ತುಂಡು ನೆಲವನ್ನು ಕೊಟ್ಟು, ಮೀನು ಹಿಡಿದು ಬದುಕಿರೆಂದರು! ಮನೆಗಳಿಗೆ ಬೆಂಕಿಯಿಟ್ಟನೆಂಬ ಅಪವಾದವು ಪ್ಯಾಟ್ರಿಕ್ ಸೆಲ್ಲರ್ ಎಂಬ ಕಾರಭಾರಿಯ ಮೇಲೆ ಬಂತು. ೧೮೧೬ರಲ್ಲಿ ಇನ್ವರ್ನೆಸ್ಸಿನಲ್ಲಿ ವಿಚಾರಣೆಯಾಗಿ ಅವನು ಬಿಡುಗಡೆ ಹೊಂದಿದನು.

ಕೊಲ್ಲಿಯ ಹತ್ತಿರ ೧೭೭೪ರಲ್ಲಿ ಕಟ್ಟಿದ ಬಿಳೀ ದೇವಾಲಯವೊಂದುಂಟು. ಈಗ ಅದು ವಸ್ತುಸಂಗ್ರಹಾಲಯ. ಹಳೆಯ ಪ್ರಸಂಗಪೀಠವು ಇನ್ನೂ ಅಲ್ಲಿದೆ. ೧೮೧೯ರ ತೆರವಿನ ನೋಟೀಸುಗಳನ್ನು ಸಭಾಪಾಲಕರಾದ ಡೇವಿಡ್ ಮೆಕೆಂಜಿಯವರು ಆ ಪೀಠದಿಂದಲೇ ಓದಿದರೆಂದು ಅಲ್ಲಿಯವರು ಹೇಳುವರು. ಇವರು ಕಲ್ಲೆದೆಯವರೆಂದು ತಟ್ಟನೆ ತೀರ್ಪು ಮಾಡಬೇಡಿರಿ. ಯಾಕಂದರೆ ೧೮೧೮ರಲ್ಲಿ ಒಡೆತನದ ಮುಖ್ಯಾಧಿಕಾರಿಯಾದ ಜೇಮ್ಸ್ ಲೋಕ್ ಎಂಬವನಿಗೆ ಪತ್ರ ಬರೆದು, ಈ ಸ್ಥಳಾಂತರವು ಜನರ ಹಿತಕ್ಕಾಗಿ ಎಂಬ ಮಾತನ್ನು ಧೈರ್ಯವಾಗಿ ಅಲ್ಲಗಳೆದವರೂ, ಒಳನಾಡು ತನ್ನ ಜನರನ್ನು ಪೋಷಿಸಬಲ್ಲದೆಂದು ಹೇಳಿದವರೂ ಇವರೇ. ಬೇರೆ ಸಭಾಪಾಲಕರಲ್ಲಿ ಬಹು ಮಂದಿ ಅಷ್ಟನ್ನೂ ಮಾಡಲಿಲ್ಲ.

ಹಾಗಾದರೆ ಪ್ರಶ್ನೆ ಇದು: ಅನ್ಯಾಯವೆಂದು ಬಲ್ಲಾತನು ಅಧಿಕಾರಿಗೆ ಕಾಗದದಲ್ಲಿ ಬೇಡವೆಂದು ತಿಳಿಸಿ, ಆಮೇಲೆ ಸಭೆಯ ಮುಂದೆ ಅದೇ ಅನ್ಯಾಯಕ್ಕೆ ತನ್ನ ಸ್ವರವನ್ನು ಕೊಡಬಹುದೋ? ಅವರು ಓದದಿದ್ದರೆ ಬೇರೊಬ್ಬನು ಓದುತ್ತಿದ್ದನು, ನಿಜ. ಆದರೆ ಬೇರೊಬ್ಬನ ಬಾಯಿಂದ ಬಂದಿದ್ದರೆ ಅದು ಬರೀ ಆಜ್ಞೆಯಾಗಿರುತ್ತಿತ್ತು. ಪೀಠದಿಂದ ಬಂದಾಗ ದೈವಚಿತ್ತದ ಹಾಗೆ ಕೇಳಿಸಿತು. ಪತ್ರವು ಅವರ ಮನಸ್ಸಾಕ್ಷಿಯನ್ನು ಹಗುರ ಮಾಡಿರಬಹುದು, ಒಕ್ಕಲಿಗನ ಹೊರೆಯನ್ನು ಮಾಡಲಿಲ್ಲವೆಂಬದೇ ನನ್ನ ಅಭಿಪ್ರಾಯ.

೧೮೮೩ರಲ್ಲಿ ಸರಕಾರದ ನೇಪಿಯರ್ ಕಮಿಷನ್ನು ಸಾಕ್ಷಿಗಳನ್ನು ಕೇಳುವದಕ್ಕೆ ಈ ತೀರಕ್ಕೂ ಬಂತು. ೧೮೮೬ರ ಕಾಯಿದೆಯಿಂದ ಒಕ್ಕಲಿಗರಿಗೆ ನೆಲದ ಮೇಲೆ ಭದ್ರವಾದ ಹಕ್ಕು ದೊರೆಯಿತು. ಆ ಕಮಿಷನ್ನಿನ ಮುಂದೆ ಆಂಗಸ್ ಮೆಕೇ ಎಂಬ ಮುದುಕನು ತಾನು ಬಾಲಕನಾಗಿದ್ದಾಗಿನ ತೆರವಿನ ದಿವಸವನ್ನು ಜ್ಞಾಪಿಸಿಕೊಂಡನು. ಪುಟ್ಟ ತಮ್ಮನನ್ನು ಬೆನ್ನ ಮೇಲೆ ಹೊತ್ತು ನದಿಯನ್ನು ದಾಟುವಾಗ ಕಾಲು ತಪ್ಪಿ ಬಿದ್ದನಂತೆ. ತಮ್ಮನು ಕೊರಳನ್ನು ಬಿಗಿಯಾಗಿ ಹಿಡಿದದ್ದರಿಂದ ಏಳಲಾರದೆ ಇಬ್ಬರೂ ಅತ್ತರಂತೆ. ಆಗ ತನ್ನ ಮಕ್ಕಳೊಂದಿಗೆ ಅದೇ ದಾರಿಯಲ್ಲಿ ಬರುತ್ತಿದ್ದ ಒಬ್ಬ ಬಡ ಹೆಂಗಸು ಅವರನ್ನು ನೋಡಿ, ನೀರಿಗೆ ಹಾರಿ, ಇಬ್ಬರನ್ನೂ ದಡಕ್ಕೆ ಎಳೆದಳು.