ಯುದ್ಧದ ಬೇರು: ‘ನನ್ನದು’ ಎಂಬ ಅಭಿಮಾನ



ಮಾರ್ಗಶಿರ ಶುದ್ಧ ಏಕಾದಶಿಯು ಶ್ರೀಮದ್ಭಗವದ್ಗೀತೆಯು ಅವತರಿಸಿದ ಪುಣ್ಯದಿನ. ಅಂದು ನಾವು ಉಪವಾಸವಿದ್ದು ಹದಿನೆಂಟು ಅಧ್ಯಾಯಗಳನ್ನೂ ಪಾರಾಯಣ ಮಾಡುತ್ತೇವೆ. ಆಗ ಮನೆಯ ಮಕ್ಕಳು ಕೇಳುವ ಪ್ರಶ್ನೆಯೊಂದುಂಟು: “ಕೃಷ್ಣನೇ ಯುದ್ಧ ಮಾಡೆಂದು ಹೇಳಿದ ಮೇಲೆ ಯುದ್ಧವು ಕೆಟ್ಟದ್ದು ಹೇಗಾದೀತು?” ಈ ಪ್ರಶ್ನೆಯನ್ನು ಗದರಿಸಿ ಅಡಗಿಸುವುದು ತರವಲ್ಲ. ಯುದ್ಧವೆಂದರೇನು, ದೇಶದೇಶಗಳು ಏತಕ್ಕಾಗಿ ಕಾದುತ್ತವೆ ಎಂಬುದನ್ನು ಮೊದಲು ವಿಚಾರಿಸಿದರೆ ಉತ್ತರವು ತಾನಾಗಿ ದೊರೆಯುತ್ತದೆ.

ಲೌಕಿಕರು ಯುದ್ಧಕ್ಕೆ ಹಲವು ಲಕ್ಷಣಗಳನ್ನು ಹೇಳಿದ್ದಾರೆ. ಕೌಟಿಲ್ಯನು ಅದನ್ನು ಪ್ರಕಾಶಯುದ್ಧ, ಕೂಟಯುದ್ಧ, ತೂಷ್ಣೀಂಯುದ್ಧವೆಂದು ಮೂರಾಗಿ ವಿಂಗಡಿಸಿದನು. ದೇಶಕಾಲಗಳನ್ನು ಸಾರಿ ಎದುರಾಗಿ ಹೋರುವುದು ಮೊದಲನೆಯದು. ಮೋಸದಿಂದ ಮೇಲೆ ಬೀಳುವುದು ಎರಡನೆಯದು. ಗೂಢಚಾರರ ಮೂಲಕ ಒಳಗೊಳಗೇ ಕೆಡಿಸುವುದು ಮೂರನೆಯದು. ಇಂದಿನ ವಿದ್ವಾಂಸರಲ್ಲಿ ಅನೇಕರು, ಒಂದು ವರ್ಷದಲ್ಲಿ ಕಾಳಗದಿಂದ 1000 ಮಂದಿಯಾದರೂ ಮಡಿದರೆ ಅದನ್ನು ಯುದ್ಧವೆಂದು ಎಣಿಸುತ್ತಾರೆ. ಇವೆಲ್ಲವೂ ಯುದ್ಧದ ಆಕಾರವನ್ನೂ ಅಳತೆಯನ್ನೂ ತಿಳಿಸುವ ಮಾತುಗಳು. ಅದರ ಬೇರನ್ನು ಕಾಣಬೇಕಾದರೆ ನಮ್ಮ ನಾಡಿನ ಒಂದು ಊರಿನ ಕಡೆಗೆ ತಿರುಗಿ ನೋಡಬೇಕು.

ಗದಗ ಜಿಲ್ಲೆಯ ಗಜೇಂದ್ರಗಡದ ಸಮೀಪದಲ್ಲಿರುವ ಸೂಡಿಯನ್ನು ವಾಚಕರಲ್ಲಿ ಹಲವರು ಬಲ್ಲರು. ಜೋಡುಕಳಸದ ಗುಡಿಯನ್ನೂ ನಾಗಕುಂಡವನ್ನೂ ಕಂಡವರಿಗೆ ಆ ಊರು ಒಮ್ಮೆ ಎಷ್ಟು ಸಂಪನ್ನವಾಗಿತ್ತೆಂದು ಬೇರೆ ಹೇಳಬೇಕಿಲ್ಲ. 11ನೆಯ ಶತಮಾನದಲ್ಲಿ ಇದು ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣ. ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ಸೋದರಿ ಅಕ್ಕಾದೇವಿಯು ಈ ನಾಡನ್ನು ಆಳಿದಳು. ‘ಗುಣದ ಬೆಡಂಗಿ’ ಎಂದು ಬಿರುದಾಂತ ಆ ರಾಣಿಯು ರಣದಲ್ಲಿ ಭೈರವಿಯಂತಿದ್ದಳೆಂದು ಶಾಸನಗಳು ಕೊಂಡಾಡುತ್ತವೆ. 1047ರಲ್ಲಿ ಗೋಕಾಗೆಯ, ಅಂದರೆ ಇಂದಿನ ಗೋಕಾಕದ, ಕೋಟೆಗೆ ಮುತ್ತಿಗೆ ಹಾಕಿದ್ದಳು.

ಅವಳ ಕಾಲದ ಸೂಡಿಯ ಶಾಸನವೊಂದರಲ್ಲಿ ನಮಗೆ ಬೇಕಾದ ಸಂಗತಿಯಿದೆ. ಎಂಟು ಮಂದಿ ಸೆಟ್ಟಿಗಳೂ ಎಂಬತ್ತು ಒಕ್ಕಲುಗಳೂ ಸೇರಿ ನಡೆಸುತ್ತಿದ್ದ ಊರಿನ ಕಟ್ಟುಕಟ್ಟಳೆಯು ಚೋಳರೊಡನೆ ನಡೆದ ಯುದ್ಧದ ಹಾವಳಿಯಲ್ಲಿ ಕೆಟ್ಟುಹೋಗಿತ್ತು. ಅಕ್ಕಾದೇವಿಯ ಮಂತ್ರಿಗಳು ಅದನ್ನು ಹೊಸದಾಗಿ ವಿಧಿಸಿಕೊಟ್ಟರು. ಯುದ್ಧವೆಂದರೆ ಕೇವಲ ರಣರಂಗವಲ್ಲವೆಂಬುದನ್ನು ಈ ಕಲ್ಲು ಹೇಳುತ್ತದೆ. ಮನುಷ್ಯರು ಕೂಡಿ ಬಾಳಲು ಕಟ್ಟಿಕೊಂಡ ನಿಯಮವು ಮುರಿದುಬೀಳುವುದೇ ಯುದ್ಧ. ಸತ್ತವರ ಲೆಕ್ಕದಲ್ಲಿ ಅದು ಸೇರುವುದಿಲ್ಲ. ಉಳಿದವರು ಮಾತ್ರ ಅದನ್ನು ಬಲ್ಲರು.

ಆ ಯುದ್ಧವು ಏತಕ್ಕಾಗಿ ನಡೆಯಿತು? ಸೂಡಿಗಾಗಿ ಅಲ್ಲ. ನೂರಾರು ಮೈಲಿಗಳ ಆಚೆ, ಕೃಷ್ಣಾ ಗೋದಾವರಿಗಳ ನಡುವಣ ವೇಂಗಿಯು ಯಾರ ಅಂಕಿತದಲ್ಲಿರಬೇಕೆಂಬುದೇ ಚಾಲುಕ್ಯ ಚೋಳರ ನಡುವಿನ ಮುಖ್ಯ ವಿವಾದ. ಮತಭೇದವೂ ಕಾರಣವಲ್ಲ, ಇಬ್ಬರೂ ಶಿವಾಲಯಗಳನ್ನು ಕಟ್ಟಿಸಿದವರೇ. ಹಾಗಿದ್ದೂ ಚೋಳ ರಾಜಾಧಿರಾಜನು ಕಲ್ಯಾಣವನ್ನು ಸುಟ್ಟು, ಅಲ್ಲಿಯ ದ್ವಾರಪಾಲಕನ ವಿಗ್ರಹವನ್ನು ಗೆಲುವಿನ ಗುರುತಾಗಿ ಹೊತ್ತೊಯ್ದನು. ಆ ಸಂಗತಿಯನ್ನು ಹೆಮ್ಮೆಯಿಂದ ಬರೆಯಿಸಿದ ಆ ವಿಗ್ರಹವು ದಾರಾಸುರದಲ್ಲಿ ದೊರೆತಿದೆ. 1007ರ ಹೊಟ್ಟೂರು ಶಾಸನವಾದರೋ ಚೋಳ ಸೈನ್ಯವು ಹೆಂಗಸರು, ಮಕ್ಕಳು, ಬ್ರಾಹ್ಮಣರೆನ್ನದೆ ಕೊಂದಿತೆಂದು ದುಃಖಿಸುತ್ತದೆ. 1054ರ ಸುಮಾರಿಗೆ ಕೊಪ್ಪಂ ಕಾಳಗದಲ್ಲಿ ರಾಜಾಧಿರಾಜನೇ ಆನೆಯ ಮೇಲೆ ಮಡಿದನು. ಅವನ ತಮ್ಮನಿಗೆ ರಣರಂಗದಲ್ಲಿಯೇ ಪಟ್ಟವಾಯಿತು. ಯುದ್ಧವು ಮಾತ್ರ ನಿಲ್ಲಲಿಲ್ಲ. ಒಬ್ಬರ ಕಲ್ಲಿನಲ್ಲಿ ಕೀರ್ತಿಯಾಗಿರುವುದು ಮತ್ತೊಬ್ಬರ ಕಲ್ಲಿನಲ್ಲಿ ಗೋಳಾಗಿದೆ. ಕನ್ನಡಿಗರಾದ ನಾವು ನಮ್ಮ ಕಲ್ಲನ್ನು ಓದಿ ಕಣ್ಣೀರಿಡುವಾಗ, ನಮ್ಮ ದಂಡು ಹೋದ ಊರುಗಳಲ್ಲಿಯೂ ಮಕ್ಕಳಿದ್ದರೆಂಬುದನ್ನು ಮರೆಯಲಾಗದು.

ಈಗ ಗೀತೆಗೆ ಬರೋಣ. ಗೀತೆಯ ಮೊದಲ ಶ್ಲೋಕದಲ್ಲಿಯೇ ಧೃತರಾಷ್ಟ್ರನು ತನ್ನ ಮಕ್ಕಳನ್ನು ‘ನನ್ನವರು’ ಎಂದೂ, ತಮ್ಮನ ಮಕ್ಕಳನ್ನು ಬೇರೆಯಾಗಿ ‘ಪಾಂಡವರು’ ಎಂದೂ ಹೆಸರಿಸುತ್ತಾನೆ. ಯುದ್ಧದ ಬೇರು ಅಲ್ಲಿದೆ. ಮಗನಾದ ದುರ್ಯೋಧನನು ‘ನನ್ನದು’ ಎಂದು ಹಿಡಿದು, ಸೂಜಿಯ ಮೊನೆಯಷ್ಟು ನೆಲವನ್ನೂ ಬಿಡಲೊಲ್ಲದೆ ಹೋದನು. ಅರ್ಜುನನೂ ‘ನನ್ನವರು’ ಎಂಬ ಮಮಕಾರದಿಂದಲೇ ಬಿಲ್ಲನ್ನು ಕೆಳಗಿಟ್ಟನು. ಒಬ್ಬನು ಅಭಿಮಾನದಿಂದ ಅಧರ್ಮವನ್ನು ಮಾಡಿದನು, ಇನ್ನೊಬ್ಬನು ಅಭಿಮಾನದಿಂದ ಧರ್ಮವನ್ನು ಬಿಡಹೊರಟನು. ಭಗವಂತನು ಅರ್ಜುನನಿಂದ ಬಿಡಿಸಿದ್ದು ಕರುಣೆಯನ್ನಲ್ಲ, ಈ ಮಮಕಾರವನ್ನು.

ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದಲ್ಲಿ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರವೆಂದು ಎರಡಾಗಿ ವಿಭಾಗಿಸಿ, ಶ್ರೀವಿಷ್ಣುವೊಬ್ಬನೇ ಸ್ವತಂತ್ರನೆಂದು ನಿರ್ಣಯಿಸಿದ್ದಾರೆ. ಸಮಸ್ತ ಭೂಮಿಯೂ ಅವನ ಸೊತ್ತು; ಅರಸನಾಗಲಿ ಸರಕಾರವಾಗಲಿ ಅದನ್ನು ಕಾಯುವ ಕೆಲಸದವರು. ಕಾಯುವವನು ತಾನೇ ಒಡೆಯನೆಂದು ಬಗೆದಾಗ ನೆರೆಯವನ ಏಳಿಗೆಯೇ ಅವನ ಕಣ್ಣಿಗೆ ಅಪಾಯವಾಗಿ ತೋರುತ್ತದೆ. ಲೋಭ, ಭಯ, ಸೇಡು, ಪ್ರತಿಷ್ಠೆಗಳೆಂದು ಇತಿಹಾಸಕಾರರು ಎಣಿಸುವ ಕಾರಣಗಳೆಲ್ಲವೂ ಈ ಒಂದು ಬೇರಿನ ಕೊಂಬೆಗಳು.

ಹಾಗಾದರೆ ಕೃಷ್ಣನು ಯುದ್ಧವನ್ನು ವಿಧಿಸಿದ್ದೇಕೆ? ಅವನು ಮೊದಲು ಮಾಡಿದ್ದು ಸಂಧಾನ. ಪಾಂಡವರ ಬೇಡಿಕೆಯು ಐದು ಗ್ರಾಮಗಳಿಗೆ ಇಳಿದಿತ್ತು. ಉದ್ಯೋಗಪರ್ವದ ಮತ್ತೊಂದು ಪ್ರಸಂಗವನ್ನು ನಾವು ವಿಶೇಷವಾಗಿ ನೆನೆಯಬೇಕು. ರಾಯಭಾರಕ್ಕೆ ಹೊರಟ ಕೃಷ್ಣನಿಗೆ, ದುರ್ಯೋಧನನೊಡನೆ ಮೃದುವಾಗಿ ಮಾತಾಡು, ಕುಲವು ನಾಶವಾಗದಿರಲಿ ಎಂದು ಬಿನ್ನವಿಸಿದವರಲ್ಲಿ ಭೀಮಸೇನನೂ ಒಬ್ಬನು. ಮುಖ್ಯಪ್ರಾಣನ ಅವತಾರವೇ ಆದ, ಬಲದಲ್ಲಿ ಎಣೆಯಿಲ್ಲದ ಭೀಮನೇ ಶಾಂತಿಯನ್ನು ಬೇಡಿದ ಮೇಲೆ, ಶಾಂತಿಯ ಮಾತನ್ನು ಹೇಡಿತನವೆಂದು ಹಳಿಯುವ ಅಧಿಕಾರ ನಮಗೆಲ್ಲಿಯದು? ಸಂಧಾನವೆಲ್ಲವೂ ಮುರಿದ ಮೇಲೆ, ಪ್ರಜೆಗಳ ರಕ್ಷಣೆಗಾಗಿ, ದ್ವೇಷವಿಲ್ಲದೆ, ಭಗವಂತನ ಪೂಜೆಯೆಂದು ಕ್ಷತ್ರಿಯನು ಮಾಡುವ ಕರ್ತವ್ಯವನ್ನೇ ಗೀತೆಯು ವಿಧಿಸಿದೆ. ಆಕ್ರಮಣಕ್ಕೆ ಅದು ಅಪ್ಪಣೆಯಲ್ಲ. 1945ರಲ್ಲಿ ವಿಶ್ವಸಂಸ್ಥೆಯ ಸನ್ನದು ಕೂಡ ಬಲಪ್ರಯೋಗವನ್ನು ನಿಷೇಧಿಸಿ, ಆತ್ಮರಕ್ಷಣೆಯ ಹಕ್ಕನ್ನು ಉಳಿಸಿತು. ಆದರೂ ಯುದ್ಧಗಳು ನಿಂತಿಲ್ಲ. ಸನ್ನದಿಗೆ ಸಹಿ ಹಾಕಿದ ಕೈಗಳು ‘ನನ್ನದು’ ಎಂಬುದನ್ನು ಬಿಟ್ಟಿರಲಿಲ್ಲ.

ಮಕ್ಕಳಿಗೆ ಈ ಉತ್ತರವನ್ನು ಹೇಳುವ ಮುನ್ನ ನಾವು ನಮ್ಮ ಮನೆಯನ್ನು ನೋಡಿಕೊಳ್ಳಬೇಕು. ಹೊಲದ ಬದುವಿಗಾಗಿ, ಹಿರಿಯರ ಮನೆಯ ಒಂದು ಗೋಡೆಗಾಗಿ ದಾಯಾದಿಗಳು ಮಾತು ಬಿಟ್ಟು, ತಂದೆಯ ಶ್ರಾದ್ಧವನ್ನೂ ಬೇರೆ ಬೇರೆಯಾಗಿ ಮಾಡುವ ಕುಟುಂಬಗಳು ನಮ್ಮಲ್ಲಿ ಇಲ್ಲವೇ? ಪೂಜೆಯ ಕೊನೆಯಲ್ಲಿ ಎಲ್ಲವನ್ನೂ ಕೃಷ್ಣನಿಗೆ ಅರ್ಪಿಸಿ ನೀರು ಬಿಡುವ ಕೈಯೇ, ಮರುಗಳಿಗೆಯಲ್ಲಿ ಆ ಬದುವಿನ ಕಲ್ಲನ್ನು ಸರಿಸಬಾರದು. ಈ ಗೀತಾಜಯಂತಿಯ ಪಾರಾಯಣಕ್ಕೆ ಅಂತಹ ಅಣ್ಣನನ್ನೋ ತಮ್ಮನನ್ನೋ ಮನೆಗೆ ಕರೆಯೋಣ. ಸೂಡಿಯ ಎಂಬತ್ತು ಒಕ್ಕಲುಗಳು ಮುರಿದ ಕಟ್ಟಳೆಯನ್ನು ಮತ್ತೆ ಪಡೆದಂತೆ, ನಮ್ಮಲ್ಲಿ ಮುರಿದದ್ದೂ ಕೂಡಲಿ.

ಶ್ರೀಕೃಷ್ಣಾರ್ಪಣಮಸ್ತು.